ಇಪ್ಪತ್ತು ಗ್ರಾಂ

ಮೌನೇಶಪ್ಪ ಪತ್ತಾರರ ತಕ್ಕಡಿ ಗಾಜಿನ ಪೆಟಗಿಯೊಳಗ,
ಉಸುರು ಬಿಟ್ಟರೂ ತೂಗತೈತಿ.
ಮೂಗುತಿ, ಗುಂಡು, ಹರದ ಬೋರಮಾಳದ ಚೂರು
ಕುಂತೆದ್ದ ತಟ್ಟಿಯೊಳಗ
ನನ್ನ ಕಥಿ ಮಡಚಿ ಇಟ್ಟೆ.

"ಪಾವ ಕಮ್ಮಿ ಎರಡು ತೊಲಿ, ಅದರಾಗ ಮೂರು ಗುಂಜಿ ಕಡಿಮಿ.
ಅದು ನಿಮ್ಮ ಇಪ್ಪತ್ತು ಗ್ರಾಂ.
ಇದು ದಾಟೇತಿ, ತಂಗಿ."

ದಾಟಿದರ ಮತ್ತೊಂದು ಸ್ಟಾಂಪು.
ಮತ್ತೊಂದು ಸ್ಟಾಂಪು ಅಂದರ
ಗುಳೇದಗುಡ್ಡದಿಂದ ಬಾಗಲಕೋಟಿಗೆ ಹೋಗಿ ಬರೋ ಚಾರ್ಜು,
ಇಲ್ಲಾ, ಒಂದು ವಾರದ ಚಾಪುಡಿ.
ಖಣದ ಅಂಗಡ್ಯಾಗ ಕೀರ್ದಿ ಬರಿಯೋ ಕೈ ಇದು,
ಇಷ್ಟು ಲೆಕ್ಕ ಬೆರಳ ತುದೀಗೆ ಇರತೈತಿ.

ಸಮುದ್ರದಾಚಿ ಪತ್ರಿಕೆಯವರು ಹೇಳೋದೇನು?
ಸಾಲಿಗೂ ಸಾಲಿಗೂ ನಡುವ ಒಂದು ಸಾಲು ಬಿಡ್ರಿ,
ಎಡಕ್ಕ ಬಲಕ್ಕ ಅಂಚು ಬಿಡ್ರಿ,
ಹಾಳಿ ಒಂದಽ ಮಗ್ಗಲ ಬರೀರಿ.
ಬರಿಯದ ಜಾಗಕ್ಕೂ ರೊಕ್ಕ ಕೊಡಬೇಕು ಅನ್ನೋದು
ಅಲ್ಲೀತನಕ ನನಗ ಗೊತ್ತಿರಲಿಲ್ಲ.

ಟೈಪಿಂಗ್ ಕ್ಲಾಸಿನ ನಾಕನೇ ನಂಬರ್ ಮಷೀನು, ತಾಸಿಗೆ ಎರಡು ರೂಪಾಯಿ.
ಇಂಗ್ಲಿಷಿನ ಇ ಅಕ್ಷರದ ಹೊಟ್ಟಿ ಮಸಿ ತುಂಬಿ ಬಸುರಾಗಿತ್ತು,
ಸೂಜೀಲೆ ಕೆದರಿ ತಗದೆ.
ಈರುಳ್ಳಿ ಸಿಪ್ಪಿಯಂಥ ಹಾಳಿ,
ಬೆರಳಿಟ್ಟರ ಬೆರಳ ಕಾಣಸ್ತಿತ್ತು.

ಜವಾಬು ಬರಾಕ ಒಂದು ಕೂಪನ್ನು,
ಕಥಿ ಹೊಳ್ಳಿ ಬರಾಕ ಮೂರು.
ಬಾಗಲಕೋಟಿ ಪೋಸ್ಟಿನ್ಯಾಗ "ಕೂಪನ್ ಅಂದರ ರೇಶನ್ನಿಂದೇನ್ರಿ?" ಅಂದರು.
ಬೆಳಗಾವಿಯಿಂದ ತರಸಾಕ ಹದಿನೆಂಟು ದಿನ ಹಿಡೀತು.
ಒಂದಽ ತರಸಿದೆ.
ಹಿಂಗಾಗಿ ನಾ ಇಂಗ್ಲಿಷಿನ್ಯಾಗ ತಪ್ಪಿಲ್ಲದಂಗ ಬರಿಯಾಕ ಕಲತ
ಮೊದಲನೇ ಮಾತು:
ಕಥಿ ಹೊಳ್ಳಿ ಕಳಸಬ್ಯಾಡ್ರಿ, ಅಲ್ಲೇ ಹರದು ಒಗೀರಿ.

ಆರು ಹಾಳಿ ಇದ್ದದ್ದು ನಾಕಾಗಬೇಕು.
ಯಾರನ್ನ ಇಳಸಲಿ?
ಗಂಡ ಹೋದರ ಜಗಳ ಹೋಗತೈತಿ,
ಹುಡುಗ ಹೋದರ ಕಥೀನಽ ಇಲ್ಲ.
ತುಳಜವ್ವ ಇದ್ದಳು, ಮುದುಕಿ,
ಹಲ್ಲಿಗೆ ಮಿಶ್ರಿ ತಿಕ್ಕೋತ
ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತು
ರೇಡಿಯೋದ ಹವಾಮಾನ ವರದಿಯನ್ನ ಬೈತಿದ್ದಳು
ಎರಡು ಹಾಳಿ ಪೂರ್ತಿ.
ಕಥಿಗೆ ಏನೂ ಸಂಬಂಧ ಇರಲಿಲ್ಲ.

ಅಕೀನ ಇಳಸಿದೆ.
ತಕ್ಕಡಿ ಮುಳ್ಳು ನಡುವ ಬಂದು ನಿಂತಿತು.
ಪತ್ತಾರರು ಕನ್ನಡಕ ತಗದು ನಕ್ಕರು,
ನಾನೂ ನಕ್ಕೆ,
ಕಳ್ಳರು ನಗೋ ಹಂಗ.

ಏಳು ತಿಂಗಳು.
ಪೋಸ್ಟಮನ್ನು ಅಂಗಡಿ ಕಟ್ಟೀಗೆ ನಿಂತು ಕೂಗಿದ:
"ಮಿಸ್ಟರ್ ಹೊಳಿಬಸವ್ವ ಯಾರ್ರೀ?"
ಖಣ ಕೊಳ್ಳಾಕ ಬಂದ ಹೆಣಮಕ್ಕಳೆಲ್ಲ ತಿರುಗಿ ನೋಡಿದರು.
ಒಳಗ ಅಂಗೈ ಅಗಲದ ಚೀಟಿ, ಅಚ್ಚು ಹಾಕಿದ ಇಲ್ಲ.
ಕೆಳಗ ಪೆನ್ಸಿಲ್ಲಿಲೆ, ಯಾರೋ ಅವಸರದಾಗ ಗೀಚಿದ್ದು:
ಆ ಮುದುಕಿ ಭಾಳ ಲಗೂನ ಎದ್ದು ಹೋದಳು.
ನಮಗ ಅಕೀದಽ ಧ್ಯಾಸ ಉಳೀತು.

ಕೀರ್ದಿ ಮುಚ್ಚಿದೆ.
ಆವತ್ತಿನ ಜಮಾ ಖರ್ಚು ಹನ್ನೊಂದು ರೂಪಾಯಿ ತಪ್ಪಿತ್ತು,
ಸಾವಕಾರ್ರು ನಾಕು ಮಾತು ಅಂದರು. ಅನ್ನಲಿ.

ಚೀಟಿ ತೂಗಿ ನೋಡಿದರ ಆರು ಗುಂಜಿ.

ಎರಡು ಹಾಳಿ ಮನ್ಯಾಗ ಜ್ವಾಳದ ಡಬ್ಬಿ ಮ್ಯಾಲ ಮುಚ್ಚಿದ್ದೆ.
ಒಂದರ ಬೆನ್ನಿಗೆ ಹಾಲಿನ ಲೆಕ್ಕ ಬರದಿತ್ತು.
ಮತ್ತ ನಾಕನೇ ಮಷೀನು,
ಮತ್ತ ಇ ಅಕ್ಷರದ ಹೊಟ್ಟಿ.
ಚಪ್ಪಲಿ ಉಂಗುಷ್ಟಕ್ಕ ಪಿನ್ನು ಚುಚ್ಚಿಕೊಂಡು
ಈ ಸಲ ಬ್ಯಾರೆ ದೇಶ, ಬ್ಯಾರೆ ವಿಳಾಸ.

ಪೋಸ್ಟಿನ ಕಟಕಟಿ. ಮಾಸ್ತರು ತೂಗಿದರು.
"ಇಪ್ಪತ್ತೇಳು. ಎರಡು ಹಾಳಿ ತಗದರ
ಒಂದು ಸ್ಟಾಂಪು ಉಳೀತದಲ್ಲರಿ, ಬಾಯಾರ?"

"ಇರಲಿ ಬಿಡ್ರಿ.
ಒಳಗ ಮುದುಕಿ ಅದಾಳ."

ಅವರು ಲಕೋಟಿ ನೋಡಿದರು, ನನ್ನ ನೋಡಿದರು,
ಗೋಂದಿನ ಡಬ್ಬಿ ನನ್ನ ಕಡೆ ಸರಿಸಿದರು.