ಹೊಗೆಗಂಡಿ

ತಿತಿಮತಿಯ ಆಶ್ರಮಶಾಲೆ. ಊಟಕ್ಕೆ ಮುಂಚಿನ ಪೀರಿಯಡ್ಡು.
'ಪಾನೀ' ಎಂದು ಬೋರ್ಡಿನ ಮೇಲೆ ಬರೆದೆ.
'ನೀರಾ ಸಾರ್?' ನಕ್ಕವು ಮಕ್ಕಳು.
ನೀರಲ್ಲ, ಜನ. ಕಡಲಾಚೆಯ ಹುಲ್ಲುಬಯಲಿನವರು.

ಸೀಮೆಸುಣ್ಣದಲ್ಲಿ ಮನೆ ಎಳೆದೆ:
ಮಣ್ಣಿನ ಗುಮ್ಮಟ, ಒಳಗೆ ನಾಲ್ಕು ಕಂಬ,
ಮೂಡಲಿಗೆ ಬಾಗಿಲು, ನೆತ್ತಿಯಲ್ಲೊಂದು ಹೊಗೆಗಂಡಿ.
ರಾತ್ರಿ ಅದರೊಳಗೆ ಇಣುಕುವುದು
ದುಂಡಗೆ ಕೂತ ಚುಕ್ಕಿಗಳ ಪಂಚಾಯ್ತಿ.
ಚುಕ್ಕಿ ನೋಡಿ ಮುಸುಕಿನ ಜೋಳ ಬಿತ್ತುವರು,
ಅವ್ವಾ ಎಂದು ಅದನ್ನೇ ಕರೆವರು,
ಪೈರು ಮೊಳಕಾಲೆತ್ತರ ಬಂದರೆ ಮನೆ ಬಿಟ್ಟು
ನಮ್ಮ ಕಾಟಿಯಂಥ ಮೃಗದ ಹಿಂದೆ
ಮಕ್ಕಳು ಮುದುಕರು ನಾಯಿಗಳ ಸಮೇತ ನಡೆವರು;
ಕೊಯ್ಲಿಗೆ ಮತ್ತೆ ಹಾಜರು.

ಕೊನೆಯ ಬೆಂಚಿಂದ ಬೊಳ್ಕ ಎದ್ದ,
ಹಾಜರಿಗೂ ಏಳದವನು.
'ಆಮೇಲೆ ಎಬ್ಬಿಸಿದರಾ ಸಾರ್?'

ನಾನಿನ್ನೂ ಆ ಪುಟಕ್ಕೆ ಬಂದಿರಲಿಲ್ಲ.
ಹೂಂ. ತೆಂಕಲಿಗೆ, ಬೇರೆ ಮಣ್ಣಿಗೆ.
ಬೀಜ ಗಂಟು ಕಟ್ಟಿ ಒಯ್ದರು.
ಆ ಮಣ್ಣಿಗೆ ಬೀಜದ ಗುರುತು ಹತ್ತಲಿಲ್ಲ.
ಜನ ಸವೆದರು, ಸೋಪಿನ ಹಾಗೆ.

'ಲಾರೀಲಾ?'
ಇಲ್ಲ ಕಣೋ, ಆಗ ಲಾರಿಯೆಲ್ಲಿ.

ಅವನ ಅಜ್ಜಿ ದಾಸಿ ಬಂದದ್ದು ಲಾರಿಯಲ್ಲಂತೆ,
ಒಲೆಯ ಮೂರು ಕಲ್ಲು ಮಡಿಲಲ್ಲಿಟ್ಟುಕೊಂಡು.
ಕಾಲನಿ ಮನೆಯ ಶೀಟು ಒಂದಡಿ ಸರಿಸಿ
ಅದರಡಿಯೇ ಮಲಗುತ್ತಾಳಂತೆ;
ಅಮಾಸೆಯಲ್ಲಿ, ಹೆಜ್ಜೇನು ಇಳಿಸುವ ಹೊತ್ತಿಗೆ,
ನಿದ್ದೆಯಲ್ಲೇ ಹುಳಗಳ ಹತ್ತಿರ ಮಾತಾಡುತ್ತಾಳಂತೆ.
ಮಳೆ ಬಿದ್ದರೆ ಅಪ್ಪ ಬಯ್ಯುತ್ತಾನಂತೆ.

ಗಂಟೆ ಹೊಡೆಯಿತು.
ಸಾಂಬಾರಿನ ವಾಸನೆಗೆ ಕ್ಲಾಸು ಓಡಿತು.
ಬೊಳ್ಕ ಬೋರ್ಡಿನ ಹತ್ತಿರ ಬಂದ,
ನಾನೆಳೆದ ಬಾಗಿಲನ್ನು ಅಂಗೈಯಲ್ಲಿ ಒರೆಸಿದ.
ಮತ್ತಿಗೋಡಿನ ಕಾಡಿದ್ದ ಕಡೆಗೆ
ಇನ್ನೊಂದು ಬಾಗಿಲು ಗೀಚಿದ.
'ಮೂಡಲು ಈ ಕಡೆ ಸಾರ್.'