ಇಪ್ಪತ್ತೈದನೆಯ ಸ್ಟೂಲು

ಆಗಸ್ಟಿನ ಮೊದಲ ಸೋಮವಾರ. ಹೊರಗೆ ನೂರಾ ಆರು ಡಿಗ್ರಿ.
ಹೈವೇ ತೊಂಬತ್ತೊಂಬತ್ತರ ಆಚೆ ಬಾದಾಮಿ ಮರಗಳ ಸೊಂಟ ಹಿಡಿದು
ಯಂತ್ರವೊಂದು ಅಲುಗಿಸುತ್ತಿದೆ.
ಧೂಳು ನನ್ನ ಕಿಟಕಿಯ ತನಕ ಬಂದು ಕೂತಿದೆ.
ಒಳಗೆ ನಾನು, ಆರ್ಸೀಲಿಯಾ ಬರಾಗಾನ್,
ಇಪ್ಪತ್ತೆರಡು ವರ್ಷದಿಂದ ಇದೇ ಕುರ್ಚಿ,
ಸಮುದಾಯ ಕಾಲೇಜಿನ ವೇಳಾಪಟ್ಟಿಯನ್ನು
ಹಿಡಿದು ಅಲುಗಿಸುತ್ತಿದ್ದೇನೆ.
ಉದುರುವುದು ಉದುರಲಿ.

ಅಂಗರಚನಾಶಾಸ್ತ್ರ, ಲ್ಯಾಬ್ ಸಮೇತ: ಇಪ್ಪತ್ನಾಲ್ಕು ಜಾಗ.
ಕಾಯುವವರು ಅರವತ್ತೊಂದು.
ಮಧ್ಯಾಹ್ನ ಎರಡರ ವೆಲ್ಡಿಂಗ್: ಮೂವತ್ತು ಜಾಗ.
ಸೇರಿದವರು ಐದು, ಅವರಲ್ಲೊಬ್ಬ ತಪ್ಪಿ ಗುಂಡಿ ಒತ್ತಿದವನು.
ಹಲ್ಲಿದ್ದ ಕಡೆ ಕಡಲೆಯಿಲ್ಲ, ಕಡಲೆಯಿದ್ದ ಕಡೆ ಹಲ್ಲಿಲ್ಲ;
ಎರಡನ್ನೂ ಒಂದೇ ಬಾಯಿಗೆ ತಂದು ಸೇರಿಸು ಎಂದೇ
ನನಗೆ ಸಂಬಳ.

‘ಇನ್ನೊಂದು ಸೆಕ್ಷನ್ ತೆರೆದುಬಿಡಿ’ ಅನ್ನುತ್ತಾರೆ ಡೀನ್.
ತೆರೆಯಲು ಅದೇನು ಕೊಳಾಯಿಯೇ?
ಆಸ್ಪತ್ರೆಯ ಸಂಬಳ ಬಿಟ್ಟು ಇಲ್ಲಿ ಪಾಠ ಮಾಡುವವರು ಬೇಕು.
ಕೊಯ್ದು ಕಲಿಯುವ ಬೆಕ್ಕುಗಳಿಗೆ ಮಾರ್ಚಿನಲ್ಲೇ ಬರೆಯಬೇಕಿತ್ತು.
ಅಸ್ಥಿಪಂಜರ ಎರಡೇ, ಒಂದಕ್ಕೆ ಎಡಗೈಯಿಲ್ಲ.

ಬೇಡಿಕೆ ಎನ್ನುತ್ತದೆ ನನ್ನ ಪರದೆಯ ಕೆಂಪು ಗೆರೆ.
ಬೇಡುವುದರಿಂದ ಹುಟ್ಟಿದ ಮಾತು.
ಆದರೆ ಇವರು ಯಾರೂ ಬೇಡಿದ್ದನ್ನು ನಾನು ಕಂಡಿಲ್ಲ.
ಬಾಗಿಲಿಗೆ ಬಂದು ನಿಲ್ಲುತ್ತಾರೆ, ಅಷ್ಟೆ.

ಎಲೀಯೆಸರ್, ಮೂವತ್ತೆಂಟನೆಯವನು:
ರಾತ್ರಿಯೆಲ್ಲ ಟೊಮ್ಯಾಟೊ ಕಾರ್ಖಾನೆ,
ಬೆಳಗಿನ ಎಂಟಕ್ಕೆ ಕೊಟ್ಟರೂ ಸರಿ, ನಿದ್ದೆ ಆಮೇಲೆ ನೋಡಿಕೊಳ್ಳುವೆ ಅಂದಿದ್ದ.
ಪಾ ನ್ಯಾ ಶಿಯೋಂಗ್: ಕಳೆದ ವರ್ಷ ಹತ್ತೊಂಬತ್ತನೆಯವಳು,
ಆಮೇಲೆ ನಾಲ್ಕನೆಯವಳು, ಈಗ ಮೊದಲನೆಯವಳು.
ಇದೊಂದು ಮುಗಿದರೆ ನರ್ಸಿಂಗಿಗೆ ಅರ್ಜಿ.
ಅಜ್ಜಿಯ ಡಯಾಲಿಸಿಸ್ ಮಂಗಳ, ಗುರು, ಶನಿ;
ಉಳಿದದ್ದು ಸೋಮ, ಬುಧ.
ಐವತ್ತೆರಡನೆಯ ಹೆಸರು
ನನ್ನ ತಂಗಿಯ ಮಗಳದು.
ಆ ಸಾಲಿನ ಮೇಲೆ ಬೆರಳು ಒಂದು ಕ್ಷಣ ನಿಂತದ್ದು ನಿಜ.
ಸರಿಸಲಿಲ್ಲ. ತಂಗಿ ಇನ್ನೂ ಫೋನು ಎತ್ತುತ್ತಿಲ್ಲ.

ಮೊದಲ ದಿನ ಪಟ್ಟಿ ಹಿಡಿದು ಲ್ಯಾಬಿನ ಹೊರಗೆ ನಿಂತೆ.
ಇಪ್ಪತ್ಮೂರು ತಲೆ. ಒಂದು ಜಾಗ ಖಾಲಿ.
ಗೋಡೆಗೊರಗಿದ್ದ ಪಾ ನ್ಯಾ ಗಡಿಯಾರ ನೋಡಲಿಲ್ಲ,
ನನ್ನ ಕೈಯ ಪೆನ್ನು ನೋಡುತ್ತಿದ್ದಳು.
ಹತ್ತು ನಿಮಿಷ ಕಾಯಬೇಕು ಎಂದು ನಿಯಮ.
ಒಂಬತ್ತನೆಯದರಲ್ಲಿ, ಬಸ್ಸು ತಪ್ಪಿದ ಹುಡುಗನೊಬ್ಬ
ಏದುಸಿರು ಬಿಡುತ್ತ ಓಡಿಬಂದು ಕೂತ.
ಅವನನ್ನು ಬೈಯಲು ನನಗೆ ಯಾವ ಕಾರಣವೂ ಸಿಗಲಿಲ್ಲ.

ಬಾಗಿಲ ಮೇಲೆ ಅಗ್ನಿಶಾಮಕದವರ ಅಂಕಿ: ಇಪ್ಪತ್ತಾರು.
ಮೇಷ್ಟ್ರು ಒಬ್ಬರು, ಮಕ್ಕಳು ಇಪ್ಪತ್ನಾಲ್ಕು.
ಮತ್ತೆ ಎಣಿಸಿದೆ.
ಇನ್ನೊಬ್ಬರಿಗೆ ಕಾನೂನು ಅಡ್ಡಿಯಿಲ್ಲ,
ಅಡ್ಡಿ ಸ್ಟೂಲಿನದು.
ಪೀಠೋಪಕರಣದ ಅರ್ಜಿಗೆ ಒಂಬತ್ತು ವಾರ.

ಮಧ್ಯಾಹ್ನ ಎರಡಕ್ಕೆ ಶೆಡ್ಡಿಗೆ ನಡೆದೆ.
ಐದು ಮುಖವಾಡ, ಹಗೋಪ್ ಮೇಷ್ಟ್ರು, ನೀಲಿ ಕಿಡಿ.
‘ರದ್ದು ಮಾಡಲು ಬಂದೆಯಾ?’
‘ಶುಕ್ರವಾರದವರೆಗೆ ಸಮಯವಿದೆ. ಒಂದು ಸ್ಟೂಲು ಬೇಕಿತ್ತು.’
ಕಾಲಿಗೆ ಕಾಲು ಬೆಸೆದವನು
ಆ ತಪ್ಪಿ ಒತ್ತಿದ ಹುಡುಗ. ಮುಖವಾಡ ಎತ್ತಿ ನಕ್ಕ.
ಇದು ನನಗೆ ಬರುತ್ತದೆ ಎಂದೇ ಗೊತ್ತಿರಲಿಲ್ಲ, ಅಂದ.

ಬುಧವಾರ ಪಾ ನ್ಯಾ ಅದರ ಮೇಲೆ ಕೂತಳು.
ಒಂದು ಕಾಲು ಎಳ್ಳಷ್ಟು ಮೋಟು;
ಅವಳು ಬಗ್ಗಿ ಬರೆದಾಗಲೆಲ್ಲ ಟಕ್ ಎನ್ನುತ್ತದೆ.

ಶುಕ್ರವಾರ ಐದಕ್ಕೆ ವೆಲ್ಡಿಂಗ್ ರದ್ದು ಮಾಡಿದೆ.
ಇಪ್ಪತ್ತು ತುಂಬದಿದ್ದರೆ ದುಡ್ಡಿಲ್ಲ.
ಹುಡುಗನಿಗೆ ನಾನೇ ಪತ್ರ ಬರೆದೆ,
ಜನವರಿಯಲ್ಲಿ ಸಂಜೆ ಆರಕ್ಕೆ ಇಡುತ್ತೇನೆ, ಬಾ ಎಂದು.
ಉತ್ತರವಿಲ್ಲ.

ಕಾಯುವವರು ಅರವತ್ತು.
ಎಲೀಯೆಸರ್ ಈಗ ಮೂವತ್ತೇಳನೆಯವನು.
ಕಾರಿಡಾರಿನ ಆ ತುದಿಯಿಂದ
ಟಕ್.