ಎಡಸುತ್ತಿನ ತಿರುಪು

ಕುತೈಸಿಯ ಬಿಳಿ ಸೇತುವೆಯ ಹತ್ತಿರ
ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಅಂಗಡಿ ಅಂದರೆ ಒಂದು ಕಿಟಕಿ, ಒಂದು ದೀಪ,
ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ,
ಮೊಮ್ಮಗಳು ಬಿಟ್ಟುಕೊಟ್ಟ, ಮೂಲೆಯೊಡೆದ ಫೋನು.

ಆ ಫೋನಿನೊಳಗೆ ಒಬ್ಬ ಇದ್ದಾನೆ. ಹೆಸರು ಗೊತ್ತಿಲ್ಲ.
ಮುಚ್ಚಿಹೋದ ಕಾರ್ಖಾನೆಗಳ ಗಡಿಯಾರಗಳನ್ನೆಲ್ಲ
ಬಿಚ್ಚಿ, ಹಲ್ಲು ಹಲ್ಲು ಎಣಿಸಿ, ಚಿತ್ರ ಬರೆದು
ಜಗತ್ತಿಗೆ ಪುಕ್ಕಟೆ ಇಟ್ಟಿದ್ದಾನೆ.
ನಾಲ್ಕು ವರ್ಷದಿಂದ ದಿನಾ ಅವನ ಮನೆಗೆ ಹೋಗುತ್ತೇನೆ,
ಬಾಗಿಲು ತಟ್ಟದೆ, ಕಾಲೊರೆಸದೆ.

ಪುಟದ ನೆತ್ತಿಯ ಮೇಲೆ ಒಂದು ಹಳದಿ ಪಟ್ಟಿ:
'ಈ ತಿಂಗಳ ಖರ್ಚು ಮೂವತ್ತೊಂದು ಯೂರೋ.
ಬಂದದ್ದು ಒಂಬತ್ತು.
ಒಂದು ಲೋಟ ಕಾಫಿಯ ದುಡ್ಡು ಸಾಕು.'
ನಾನು ಕಾಫಿ ಕುಡಿಯುವುದಿಲ್ಲ.
ಪಟ್ಟಿಯ ಮೂಲೆಯ ಇಂಟು ಗುರುತು ಒತ್ತುತ್ತೇನೆ.
ಒತ್ತಿದಾಗೆಲ್ಲ
ಬಾಗಿಲಲ್ಲಿ ನಿಂತವನಿಗೆ 'ಮುಂದೆ ಹೋಗಪ್ಪ' ಅಂದಂತೆ ಆಗುತ್ತದೆ.
ಬಾಗಿಲೇನೋ ಅವನದೇ.

ರೊಟ್ಟಿ ಒಲೆಯ ಅಂಜೋರ್ ಹೇಳುತ್ತಾನೆ:
"ಕೊಡಬೇಡ ಉಶಾಂಗಿ. ಇವರೆಲ್ಲ ಗಂಟು ಮಾಡಿಕೊಂಡೇ ಬೇಡುವವರು.
ನಿನ್ನ ಹತ್ತು ಲಾರಿ
ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ."
ಹೌದೆನ್ನಿಸುತ್ತದೆ. ಆಮೇಲೆ ಇಲ್ಲವೆನ್ನಿಸುತ್ತದೆ.
ದೊಡ್ಡ ದೊಡ್ಡ ವಿಶ್ವಕೋಶಗಳ ಮಾತು ಬೇರೆ ಇರಬಹುದು,
ಇವನದು ಒಂಬತ್ತು ಯೂರೋ.

ಹೆಂಡತಿ ತ್ಸಿಯಾಲಾ ಲೆಕ್ಕ ಕೇಳಿದಳು:
"ಆ ಚಿತ್ರ ನೋಡಿ ರಿಪೇರಿ ಮಾಡಿದ್ದು ಎಷ್ಟು?"
ಇನ್ನೂರರ ಮೇಲಿರಬೇಕು.
"ಗಿರಾಕಿಗಳ ಹತ್ತಿರ ದುಡ್ಡು ತೆಗೆದುಕೊಂಡೆಯಾ?"
ತೆಗೆದುಕೊಂಡೆ.
"ಮತ್ತೆ ಇವನಿಗೆ ಕೊಡುವುದನ್ನು ದಾನ ಅಂತ ಯಾಕೆ ಕರೆಯುತ್ತೀ?"
ಬಟಾಟೆ ಹೆರೆಯುತ್ತಲೇ ಕೇಳಿದಳು, ತಲೆಯೆತ್ತಲಿಲ್ಲ.

ನನಗೂ ಒಂದು ದೂರಿದೆ. ಯಾರಿಗೂ ಹೇಳಿಲ್ಲ.
ಮೊದಲ ವರ್ಷ, ನಿವೃತ್ತ ರೈಲು ಗಾರ್ಡೊಬ್ಬನ ಜೇಬುಗಡಿಯಾರ.
ಕಿರೀಟಚಕ್ರದ ತಿರುಪು ಸಡಿಲಿಸಲು
ಎಡಕ್ಕೆ ತಿರುಗಿಸಿ, ಎಂದು ಬರೆದಿತ್ತು. ತಿರುಗಿಸಿದೆ.
ಅದು ಎಡಸುತ್ತಿನದು,
ಬಿಗಿಯುತ್ತ ಬಿಗಿಯುತ್ತ ಟಿಕ್ ಎಂದಿತು.
ಗಡಿಯಾರದ ಟಿಕ್ ಅಲ್ಲ, ಕತ್ತು ಮುರಿದ ಟಿಕ್.
ಇಪ್ಪತ್ತೆರಡು ಲಾರಿ ನನ್ನ ಕೈಯಿಂದ ಹೋಯಿತು.
ಅವತ್ತೇ ತೀರ್ಮಾನಿಸಿದೆ: ನಮ್ಮಿಬ್ಬರ ಲೆಕ್ಕ ಚುಕ್ತಾ.

ಹೋದ ಫೆಬ್ರವರಿಯಲ್ಲಿ ಪುಟ ತೆರೆಯಲಿಲ್ಲ.
ಬಿಳಿ. ಬರೀ ಬಿಳಿ. ಮೂರು ದಿನ.
ಬಿಚ್ಚಿಟ್ಟ ಹೆಂಗಸರ ಕೈಗಡಿಯಾರವೊಂದು
ತಟ್ಟೆಯಲ್ಲಿ ಉಂಡುಬಿಟ್ಟ ಮೀನಿನ ಮುಳ್ಳಿನಂತೆ ಬಿದ್ದಿತ್ತು.
ಅವನಿಗೆ ಕಾಯಿಲೆಯೋ? ಬಾಡಿಗೆ ಕಟ್ಟಲಿಲ್ಲವೋ?
ಕೇಳೋಣವೆಂದರೆ ಯಾರನ್ನು.
ನಾಲ್ಕನೆಯ ಬೆಳಗ್ಗೆ ಪುಟ ಬಂತು, ಹಳದಿ ಪಟ್ಟಿಯೂ ಬಂತು.
ಅದನ್ನು ನೋಡಿ ಇಷ್ಟು ಹಿಗ್ಗುತ್ತೇನೆಂದು ಎಣಿಸಿರಲಿಲ್ಲ.

ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು
ಕಾರ್ಡಿನ ಅಂಕೆ ಒಂದೊಂದಾಗಿ ಒತ್ತಿದೆ. ಹತ್ತು ಲಾರಿ.
ಬ್ಯಾಂಕು ಒಪ್ಪಲಿಲ್ಲ.
ಮತ್ತೆ ಒತ್ತಿದೆ. ಒಪ್ಪಲಿಲ್ಲ.
ಅಂಜೋರ್ ನಕ್ಕು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡ.

ಆಗ ಕಣ್ಣಿಗೆ ಬಿತ್ತು: ಆ ತಪ್ಪು ಹಾಗೇ ಇದೆ.
ನಾಲ್ಕು ವರ್ಷ.
ಯಾವ ಊರಿನಲ್ಲಿ ಯಾರ್ಯಾರು, ಎಂಥ ದೀಪದ ಕೆಳಗೆ
ಎಡಕ್ಕೆ ತಿರುಗಿಸಿ ಮುರಿದುಕೊಂಡರೋ.
ನನಗೆ ಗೊತ್ತಿತ್ತು.
ಇಪ್ಪತ್ತೆರಡು ಲಾರಿ ತೆತ್ತು ಕಲಿತ ವಿದ್ಯೆ,
ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ.

ಬರೆದೆ, ನನ್ನ ಹರಕು ರಷ್ಯನ್ನಿನಲ್ಲಿ:
'ಆ ತಿರುಪು ಎಡಸುತ್ತಿನದು. ಮುರಿದು ತಿಳಿದೆ.'
ದುಡ್ಡಿನ ವಿಷಯವಾಗಿ ಎರಡು ಸಾಲು ಸೇರಿಸಿ
ಅಳಿಸಿಬಿಟ್ಟೆ.

ಉತ್ತರ ಬಂದಿಲ್ಲ. ಪುಟದಲ್ಲಿ ಮಾತ್ರ ಒಂದು ಪದ ಬದಲಾಗಿದೆ.
ಹತ್ತು ಲಾರಿಯ ನೋಟು
ಇನ್ನೂ ಎಣ್ಣೆ ಸೀಸೆಯ ಕೆಳಗೇ ಇದೆ, ಅಂಚಿಗೆ ಜಿಡ್ಡು ಹತ್ತಿ.
ಬೇರೆ ಬ್ಯಾಂಕು ನೋಡು, ಎನ್ನುತ್ತಾಳೆ ತ್ಸಿಯಾಲಾ.
ನೋಡುತ್ತೇನೆ, ಸೋಮವಾರ.
ಅಲ್ಲಿಯವರೆಗೆ ಆ ಇಂಟು ಗುರುತು ಮುಟ್ಟುವುದಿಲ್ಲ.
ಪಟ್ಟಿ ಇದ್ದಲ್ಲೇ ಇರಲಿ,
ಅದರ ಕೆಳಗೆ ಉಳಿದಷ್ಟು ಜಾಗದಲ್ಲಿ
ಹಲ್ಲುಗಳನ್ನು ಎಣಿಸಿಕೊಳ್ಳುತ್ತೇನೆ.